ಗೂಡಲ್ಲಿ ಕೂತಿರೋ ಸರ್ವರು, ಬೀಗದ ಕೈ ಯಾರ ತಾವ?

'ಸರ್ವರ್' ಅನ್ನೋ ಮಾತನ್ನ ನಮ್ಮ ಹನಗೋಡು ಕಡೆ ಹೆಂಗಸರಿಗೆ ಯಾರೂ ಕಲಿಸಿಕೊಡಬೇಕಿಲ್ಲ. ಹೆಬ್ಬೆಟ್ಟು ಒತ್ತಕ್ಕೆ ಹೋದಾಗ, ಯಾವುದಾದ್ರೂ ಅರ್ಜಿ ಹಾಕಕ್ಕೆ ಸಾಲಲ್ಲಿ ನಿಂತಾಗ, "ಸರ್ವರ್ ಬ್ಯುಸಿ ಕಣವ್ವ, ಊಟ ಮಾಡ್ಕೊಂಡು ಬನ್ನಿ" ಅನ್ನೋದ ಕೇಳಿ ಕೇಳಿ ಬಾಯಿಪಾಠ ಆಗೋಗದೆ. ಆದ್ರೆ ಅದು ಏನು, ಎಲ್ಲಿರ್ತದೆ ಅಂತ ಕೇಳಿದ್ರೆ ನಾವೆಲ್ಲ ಮೇಲಕ್ಕೆ ಕೈ ತೋರಿಸ್ತೀವಿ, ದೇವರಿದ್ದಂಗೆ.

ನಮ್ಮನೇಲಿ ಅದು ಮೇಲಿಲ್ಲ. ನಡುಮನೆ ಗೋಡೆ ಗೂಡಲ್ಲಿ, ಮೊದಲು ಸೀಮೆಎಣ್ಣೆ ಬುಡ್ಡಿ ಮಡಗ್ತಿದ್ದ ಜಾಗದಲ್ಲಿ, ಒಂದು ಹಳೇ ಲ್ಯಾಪ್‌ಟಾಪು ಕೂತದೆ. ಬಂದೋರೆಲ್ಲ ಕೇಳ್ತಾರೆ, "ಇದೇನು ಕೆಟ್ಟೋಗಿರೋದಾ? ಗುಜರಿಗೆ ಯಾಕೆ ಹಾಕಿಲ್ಲ?" ಅಂತ. ಅದು ಕೆಟ್ಟಿಲ್ಲ. ಅದೇ ನಮ್ಮ ಮನೆತನದ ಸರ್ವರು. ನಮ್ಮಕ್ಕನ ಮಗ ಮಾಡಿ ಮಡಗಿರೋದು.

ಈ ಸಲ ನಾನು ಬರೀಬೇಕು ಅಂತಿರೋದು ಅದರ ವಿಚಾರಾನೆ. ನಂದು ಎರಡು ಮಾತು ಅವೆ. ಒಂದು, ಇಂತಾ ಹುಡುಗರು ಮಾಡೋ ಕೆಲಸಾನ ನಾವು 'ಹುಚ್ಚಾಟ' ಅಂತ ತಳ್ಳಾಕೋದು ಸರಿಯಲ್ಲ. ಎರಡು, ಆ ಹುಡುಗರೂ ಅದರ ಬೀಗದ ಕೈನ ತಮ್ಮ ತಲೆ ಒಳಗೇ ಮಡಿಕಂಡು ಊರೂರು ತಿರುಗೋದು ಸರಿಯಲ್ಲ. ಮೊದಲನೇದು ಹೇಳಿದ್ರೆ ಅವನಿಗೆ ಖುಷಿ ಆಯ್ತದೆ, ಎರಡನೇದು ಹೇಳಿದ್ರೆ ಮುಖ ಊದಿಸ್ಕೊತಾನೆ. ಎರಡನ್ನೂ ಹೇಳ್ಬೇಕು.

ಮೊದಲು ಅವನ ವಿಚಾರ. ಬೆಂಗಳೂರಲ್ಲಿ ಕೆಲಸ. ಯಾವುದೋ ಕಂಪನಿ ಸರ್ವರುಗಳನ್ನ ನೋಡ್ಕೊಳ್ಳೋದು, ಸುಮಾರು ದಿನ ರಾತ್ರಿ ಪಾಳಿ. ಇರೋದು ಇನ್ನಿಬ್ಬರ ಜೊತೆ ಒಂದು ಬಾಡಿಗೆ ಮನೇಲಿ. ಹನ್ನೊಂದು ತಿಂಗಳ ಕರಾರು, ಅದು ಮುಗಿದ ಮೇಲೆ ಬಾಡಿಗೆ ಏರಿಸ್ತಾರೆ, ಇವರು ಇನ್ನೊಂದು ಮನೆ ಹುಡುಕ್ತಾರೆ. ನಾನು ಒಂದು ಸಲ ಹೋಗಿದ್ದೆ. ಹಗಲು ಹನ್ನೆರಡು ಗಂಟೇಲೂ ಲೈಟ್ ಹಾಕಬೇಕು, ಕಿಟಕಿ ತೆಗುದ್ರೆ ಪಕ್ಕದ ಮನೆ ಗೋಡೆ. ನೆಂಟರ ಮನೇಲಿ ಅವನ ಹೆಸರು ಬಂದ್ರೆ ನಗು. "ಹೆಣ್ಣು ನೋಡಕ್ಕೆ ಬಾ ಅಂದ್ರೆ ಹಾರ್ಡ್ ಡಿಸ್ಕ್ ನೋಡಕ್ಕೆ ಹೋಗ್ತಾನೆ" ಅಂತ ಅವನ ಅತ್ತಿಗೇನೇ ಹೇಳ್ತದೆ. ಸುಳ್ಳಲ್ಲ. ರಜಾ ಸಿಕ್ತು ಅಂದ್ರೆ ಮಾಲ್‌ಗೆ ಹೋಗಲ್ಲ, ಎಸ್.ಪಿ. ರೋಡಿಗೆ ಹೋಗ್ತಾನೆ. ಟೌನ್‌ಹಾಲ್ ತಾವ ಇರೋ ಆ ಬೀದಿ ತುಂಬ ಕಂಪ್ಯೂಟರ್ ಸಾಮಾನಿನ ಅಂಗಡಿ. ನಾವು ಸೀರೆ ಅಂಗಡೀಲಿ ಸೆರಗು ತಿರುವಿ ನೋಡ್ದಂಗೆ ಅವನು ಅಲ್ಲಿ ಹಳೇ ಡಿಸ್ಕು, ಮೆಮೊರಿ ಕಾರ್ಡು ತಿರುವಿ ನೋಡ್ತಾನೆ. ಚೌಕಾಸಿ ಮಾತ್ರ ನಮ್ಮಷ್ಟು ಬರಲ್ಲ.

ಮತ್ತೆ ತಿರುಗಾಟ. ಅವನು ಬಳಸೋದು ಡೆಬಿಯನ್ ಅನ್ನೋ ತಂತ್ರಾಂಶ. ನಮ್ಮ ಫೋನಿಗೆ ಆಂಡ್ರಾಯ್ಡ್ ಇದ್ದಂಗೆ ಆ ಲ್ಯಾಪ್‌ಟಾಪಿಗೆ ಡೆಬಿಯನ್. ಕಾಸು ಕೊಡೋ ಹಂಗಿಲ್ಲ, ಯಾರು ಬೇಕಾದ್ರೂ ತಗೊಬೋದು, ಬಿಚ್ಚಿ ನೋಡ್ಬೋದು, ತಿದ್ದಬೋದು. 1993ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಅದನ್ನ ಶುರು ಮಾಡಿದ್ದು. ಹೆಸರು ಇಯಾನ್ ಮುರ್ಡಾಕ್. ಅವನ ಗೆಳತಿ ಹೆಸರು ಡೆಬ್ರಾ. ಅವಳ ಹೆಸರು ಮೊದಲು, ತನ್ನ ಹೆಸರು ಆಮೇಲೆ ಸೇರಿಸಿ ಡೆಬಿಯನ್ ಅಂತ ಇಟ್ಟ. ಇಷ್ಟು ವರ್ಷ ಆದ್ರೂ ಪ್ರಪಂಚದ ಲಕ್ಷಾಂತರ ಸರ್ವರುಗಳ ಮೇಲೆ ಒಬ್ಬ ಹೆಣ್ಣುಮಗಳ ಹೆಸರು ಓಡ್ತಾ ಅದೆ ಅಂತ ಕೇಳಿದಾಗ ನಂಗೆ ಆ ಡಬ್ಬಿ ಮೇಲೆ ಒಸಿ ಪ್ರೀತಿ ಬಂತು. ಆ ಡೆಬಿಯನ್ ಮಾಡೋ ಮಂದಿ ವರ್ಷಕ್ಕೆ ಒಂದು ಸಲ ಒಂದೊಂದು ದೇಶದಲ್ಲಿ ಸೇರ್ತಾರೆ, ನಾವು ಜಾತ್ರೆಗೆ ಸೇರೋ ಹಂಗೆ. 2023ರ ಸೆಪ್ಟೆಂಬರ್ 10ರಿಂದ 17ರವರೆಗೆ ನಮ್ಮ ಪಕ್ಕದ ಕೇರಳದ ಕೊಚ್ಚಿಲೇ ಸೇರಿದ್ರು, ನಮ್ಮ ದೇಶದಲ್ಲಿ ಅದೇ ಮೊದಲು. ಇವನು ರಜಾ ಹಾಕಿ, ಸ್ವಂತ ದುಡ್ಡಲ್ಲಿ ಹೋದ. "ಅಲ್ಲಿ ಯಾರು ಏನ್ ಕೊಡ್ತಾರೆ?" ಅಂತ ಅವರಪ್ಪ ಕೇಳಿದ್ದಕ್ಕೆ, "ಯಾರೂ ಏನೂ ಕೊಡಲ್ಲ, ಎಲ್ಲಾರೂ ಗೊತ್ತಿರೋದ ಹೇಳ್ಕೊಡ್ತಾರೆ" ಅಂದ. ಅವರಪ್ಪ ಹಣೆ ಚಚ್ಕೊಂಡ್ರು.

ಈಗ ಸರ್ವರು ಅಂದ್ರೆ ಏನು ಅಂತ ನಂಗೆ ಅವನು ಹೇಳ್ಕೊಟ್ಟಂಗೆ ಹೇಳ್ತೀನಿ. ಇಂಗ್ಲಿಷಲ್ಲಿ ಸರ್ವ್ ಅಂದ್ರೆ ಬಡಿಸು. ಸರ್ವರು ಅಂದ್ರೆ ಬಡಿಸೋನು, ಅಷ್ಟೆಯ. ಮದುವೆ ಮನೆ ಪಂಕ್ತೀಲಿ ನಾವು ಎಲೆ ಮುಂದೆ ಕುಂತು "ಒಸಿ ಸಾರು" ಅಂತೀವಿ, ಅವನು ಅಡಿಗೆ ಮನೆಯಿಂದ ತಂದು ಹಾಕ್ತಾನೆ. ಹಂಗೇ ನಮ್ಮ ಫೋನು "ಹೋದ ವರ್ಷದ ಗೌರಿ ಹಬ್ಬದ ಫೋಟೋ ಕೊಡು" ಅಂತ ಕೇಳ್ತದೆ, ಸರ್ವರು ತಗುದು ಕೊಡ್ತದೆ. ಪಂಕ್ತಿ ದೊಡ್ಡದಾಗಿ ಬಡಿಸೋರು ಕಮ್ಮಿ ಆದ್ರೆ ಎಲೆ ಮುಂದೆ ಸುಮ್ನೆ ಕೂರಬೇಕಲ್ಲ, ಅದೇ 'ಸರ್ವರ್ ಬ್ಯುಸಿ'. ಇದಕ್ಕೆ ದೊಡ್ಡ ಯಂತ್ರಾನೇ ಬೇಕು ಅಂತಿಲ್ಲ. ನೂರಾರು ಕೋಟಿ ಜನಕ್ಕೆ ಬಡಿಸೋಕೆ ದೊಡ್ಡ ದೊಡ್ಡ ಕಟ್ಟಡ ತುಂಬ ಯಂತ್ರ ಬೇಕು. ಹನ್ನೆರಡು ಮನೆಗೆ ಬಡಿಸೋಕೆ ಒಂದು ಹಳೇ ಲ್ಯಾಪ್‌ಟಾಪು ಸಾಕು.

"ಗುಜರಿ ಸಾಮಾನಲ್ಲಿ ಎಂತಾ ಸರ್ವರು" ಅಂತ ನಗೋರಿಗೆ ಒಂದು ಮಾತು. 1981ರಲ್ಲಿ ನಮ್ಮ ಇಸ್ರೋದವರು ಆಪಲ್ ಅನ್ನೋ ಉಪಗ್ರಹಾನ ಎತ್ತಿನ ಗಾಡಿ ಮೇಲೆ ಕೂರಿಸಿ ಪರೀಕ್ಷೆ ಮಾಡಿದ್ರು. ಫೋಟೋ ನೀವೂ ನೋಡಿರ್ತೀರ. ಬಡತನಕ್ಕೆ ಅಂತ ಸುಮಾರು ಜನ ಅನ್ಕೊಂಡವ್ರೆ. ಆ ಪರೀಕ್ಷೆಗೆ ಕಬ್ಬಿಣದ ಲಾರಿ ಅಡ್ಡಿ ಮಾಡ್ತದೆ, ಮರದ ಗಾಡಿ ಅಡ್ಡಿ ಮಾಡಲ್ಲ, ಅದಕ್ಕೇ ಎತ್ತಿನ ಗಾಡಿ. ಕೆಲಸಕ್ಕೆ ಯಾವುದು ಒಪ್ತದೆ ಅಂತ ನೋಡ್ಬೇಕು, ಹಳೇದಾ ಹೊಸದಾ ಅಂತಲ್ಲ.

ಇದ್ನ ಬೆಂಗಳೂರಲ್ಲೇ ಯಾಕೆ ಮಡಗಲಿಲ್ಲ ಅಂದ್ರೆ, ಅಲ್ಲಿ ಅವನಿಗೇ ನೆಲೆ ಇಲ್ಲ. ವರ್ಷಕ್ಕೊಂದು ಮನೆ ಬದಲಾಯಿಸೋನು ಇದನ್ನೂ ಹೊತ್ಕೊಂಡು ತಿರುಗಬೇಕು. "ಚಿಕ್ಕವ್ವ, ನಮ್ಮ ವಂಶದಲ್ಲಿ ವಿಳಾಸ ಬದಲಾಗ್ದೆ ಇರೋದು ನಿಮ್ಮನೆ ಒಂದೇಯ" ಅಂದ. ಕರೆಂಟು ಖರ್ಚೂ ಲೆಕ್ಕ ಹಾಕಿ ತೋರಿಸ್ದ. ಅದು ಎಳೆಯೋದು ಸುಮಾರು 15 ವ್ಯಾಟು. ಹಗಲು ರಾತ್ರಿ ಓಡಿದ್ರೆ ತಿಂಗಳಿಗೆ 11 ಯೂನಿಟ್ ಒಳಗೆ. ಗೃಹಜ್ಯೋತಿ ಬಂದ ಮೇಲೆ ನಾವು ಯೂನಿಟ್ಟು ಎಣಿಸೋದ ಚೆನ್ನಾಗಿ ಕಲ್ತಿದ್ದೀವಲ್ಲ, ನಾನೇ ಎರಡು ತಿಂಗಳು ಮೀಟರ್ ನೋಡಿ ಲೆಕ್ಕ ಸರಿ ಅದೆ ಅಂತ ಒಪ್ಕೊಂಡೆ.

ಈಗ ಇದು ಯಾಕೆ ಬೇಕು ಅನ್ನೋದು. ನಿಮ್ಮ ಫೋನಲ್ಲಿ 'ಸ್ಟೋರೇಜ್ ಫುಲ್' ಅಂತ ಬರ್ತದಲ್ಲ, ಅದನ್ನ ಬೆರಳಲ್ಲಿ ಪಕ್ಕಕ್ಕೆ ತಳ್ಳಿ ನೀವು ಸುಮ್ನಾಗ್ತೀರಲ್ಲ, ಅಲ್ಲೇ ಅದೆ ವಿಚಾರ. ಗೂಗಲ್‌ನೋರು ಮೊದಲು ಫೋಟೋಗಳನ್ನ ಎಷ್ಟು ಬೇಕಾದ್ರೂ ಪುಕ್ಕಟೆ ಮಡಿಕೊತಿದ್ರು, ಒಸಿ ಕುಗ್ಗಿಸಿ. 2021ರ ಜೂನ್ 1ರಿಂದ ಅದು ನಿಂತೋಯ್ತು. ಈಗ ಫೋಟೋ, ಮೇಲು, ಡ್ರೈವು ಎಲ್ಲಾ ಸೇರಿ ಪುಕ್ಕಟೆ ಕೊಡೋದು 15 ಜಿಬಿ. ಒಂದು ಫೋಟೋ 3-4 ಎಂಬಿ ಅಂತ ಹಿಡುದ್ರೆ ನಾಕು ಸಾವಿರ ಫೋಟೋಗೆ ತುಂಬೋಯ್ತು. ಮೊಮ್ಮಗು ಕುಣಿಯೋ ವಿಡಿಯೋ ಸೇರಿದ್ರೆ ಇನ್ನೂ ಬೇಗ. ಆಮೇಲೆ ತಿಂಗಳ ಬಾಡಿಗೆ ಕಟ್ಟಬೇಕು, ಇಲ್ಲಾ ಅಳಿಸಬೇಕು. ಇದರ ಜೊತೆಗೆ ಇನ್ನೊಂದು ನಿಯಮ ಅದೆ. ಎರಡು ವರ್ಷ ಒಂದು ಖಾತೇನ ಯಾರೂ ತೆರೀದೆ ಇದ್ರೆ, ಅದನ್ನ ಒಳಗಿರೋದರ ಸಮೇತ ಅಳಿಸೋ ಹಕ್ಕು ಅವರಿಗದೆ. 2023ರ ಡಿಸೆಂಬರ್‌ನಿಂದ ಅದು ಜಾರಿಗೆ ಬಂತು.

ಒಸಿ ಯೋಚನೆ ಮಾಡಿ. ಎರಡು ವರ್ಷ ಯಾರ ಖಾತೆ ಯಾರೂ ತೆರೆಯಲ್ಲ? ತೀರಿಹೋದವರದ್ದು. ನಾವು ಯಾರ ಫೋಟೋಗೆ, ಯಾರ ದನಿಗೆ ಅಳ್ತೀವೋ ಅವರದ್ದೇ. ಅವರು ಬರಿ ಮೋಸ ಮಾಡ್ತಾವ್ರೆ ಅಂತ ನಾನು ಹೇಳ್ತಿಲ್ಲ. ಬೇರೆಯವರ ಅಂಗಡಿ, ಅವರ ನಿಯಮ. ಆರ್ಕುಟ್ ಅಂತ ಒಂದಿತ್ತು, ನಮ್ಮ ಮಕ್ಕಳು ಕಾಲೇಜಲ್ಲಿದ್ದಾಗ ಹಗಲು ರಾತ್ರಿ ಅದರಲ್ಲೇ ಇರ್ತಿದ್ರು. 2014ರ ಸೆಪ್ಟೆಂಬರ್ 30ಕ್ಕೆ ಅಂಗಡಿ ಬಾಗಿಲು ಹಾಕಿದ್ರು. ಮುಂಚೆಯೇ ಹೇಳಿದ್ರು, ತಗೊಂಡು ಹೋಗಿ ಅಂದ್ರು. ತಗೊಂಡು ಹೋದೋರು ಎಷ್ಟು ಜನ?

ನಮ್ಮ ಗೂಡಿನ ಡಬ್ಬೀಲಿ ಏನೇನು ಅದೆ ಅಂತ ಹೇಳ್ತೀನಿ. ಹನ್ನೆರಡು ಮನೆ ಫೋಟೋಗಳು. ಜಮೀನಿನ ಹಳೇ ಕಾಗದಗಳ ಚಿತ್ರ. ನಮ್ಮವ್ವ ಬರೆಸಿದ ಬಾಣಂತಿ ಖಾರದ ಲೆಕ್ಕ. ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯ್ತಾ ನಮ್ಮಪ್ಪ ಹೇಳ್ತಿದ್ದ ಕತೆ, ಹಿಂದೆ ಕಟ್ಟಿಗೆ ಸಿಡಿಯೋ ಸದ್ದು ಸಮೇತ. ಎಲ್ಲಕ್ಕಿಂತ ದೊಡ್ಡದು ಅಂದ್ರೆ ನಮ್ಮ ಸೋದರತ್ತೆ ಹೇಳಿದ ಸೋಬಾನೆ ಪದಗಳು. ಎಣ್ಣೆ ಅರಿಶಿನಕ್ಕೆ ಒಂದು, ಧಾರೆಗೆ ಒಂದು, ಹೆಣ್ಣು ಒಪ್ಪಿಸಿ ಕೊಡೋವಾಗ ಒಂದು. ಅತ್ತೆ ಮುಂದೆ ಫೋನ್ ಇಟ್ಟು ನಾಕು ದಿನ ಕುಂತು ಹಿಡಿದವನು ಇವನೇ, ಈ 'ಹುಚ್ಚ'. ಸಂಬಳ ಜಾಸ್ತಿ ಬರೋ ಹುಡುಗರು ಮನೆತನದಲ್ಲಿ ಇನ್ನೂ ಅವ್ರೆ, ಯಾರೂ ಕುಂತಿರಲಿಲ್ಲ.

ಮತ್ತೆ ಬರಿ ಮಡಗಿದ್ರೆ ಆಗಲ್ಲ, ಓದಕ್ಕೂ ಬರಬೇಕು. ನಮ್ಮ ಮಾವನೋರು 2003ರಲ್ಲಿ ಹುಣಸೂರಲ್ಲಿ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದ ವಂಶಾವಳಿ ತೆಗುದ್ರೆ, ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು ಎಲ್ಲ ಕಸ ಸುರಿದಂಗೆ ಬಂತು. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸ್ತಿದ್ವಂತೆ. ಆ ಫಾಂಟ್ ಇಲ್ದಿದ್ರೆ ಅಕ್ಷರ ಇಲ್ಲ. ಯೂನಿಕೋಡ್ ಅನ್ನೋದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ನಂಬರ್ ಅದೆ, ಅದಕ್ಕೇ ಈಗ ನಾನು ಬರೆದದ್ದು ನಿಮ್ಮ ಎಲ್ಲಾರ ಫೋನಲ್ಲೂ ಕನ್ನಡವಾಗೇ ಕಾಣ್ತದೆ. ಇವನು ಆ ಹಳೇ ಕಡತಾನ ಪರಿವರ್ತನೆ ಮಾಡಿ, ತಪ್ಪು ಬಂದ ಒತ್ತಕ್ಷರ ತಿದ್ದಿ, ಮಾವನೋರ ಕೈಗೆ ಕೊಟ್ಟ. ಮಾವನೋರು ತಮ್ಮ ತಾತನ ಹೆಸರ ಮೇಲೆ ಬೆರಳಿಟ್ಟು ಬೋ ಹೊತ್ತು ಕುಂತಿದ್ರು.

ಈ ಕನ್ನಡ ಅಕ್ಷರ ಕಂಪ್ಯೂಟರಲ್ಲಿ ಮೂಡಿದ್ದೂ ಇಂತಾ ಹುಚ್ಚರಿಂದಲೇ ಕಣ್ರವ್ವಾ. ದಕ್ಷಿಣ ಕನ್ನಡದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರು, ಇಂಗ್ಲಿಷ್ ಕೀಲಿಮಣೆ ಮೇಲೇ ಕನ್ನಡ ಅಕ್ಷರ ಹೆಂಗೆ ಸುಲಭವಾಗಿ ಮೂಡಿಸ್ಬೋದು ಅಂತ ಜೋಡಣೆ ಮಾಡಿಕೊಟ್ಟೋರು. ಅದರ ಮೇಲೆ ಹಕ್ಕು ಸಾಧಿಸಿ ಕಾಸು ಕೇಳ್ಲಿಲ್ಲ. ಈಗ ಕರ್ನಾಟಕದಲ್ಲಿ ಆಫೀಸು ಆಫೀಸಲ್ಲಿ ಟೈಪ್ ಮಾಡ್ತಿರೋ ಕೀಲಿಮಣೆಗೆ ಅದೇ ಬುನಾದಿ. ಬರಹ ಅನ್ನೋ ತಂತ್ರಾಂಶ 1998ರಲ್ಲಿ ಬಂತು. ಅಮೆರಿಕದಲ್ಲಿ ಕೆಲಸದಲ್ಲಿದ್ದ ಶೇಷಾದ್ರಿವಾಸು ಅವರು ಬಿಡುವಲ್ಲಿ ಕುಂತು ಬರೆದು, ಕನ್ನಡಿಗರಿಗೆ ಪುಕ್ಕಟೆ ಕೊಟ್ಟಿದ್ದು. ಮೂಡಿಗೆರೆಯ ತೇಜಸ್ವಿಯವರು, ಕಾಫಿ ತೋಟ, ಮೀನು, ಹಕ್ಕಿ ಫೋಟೋ ಅಂತಿದ್ದೋರು, ಕಂಪ್ಯೂಟರ್ ಮುಂದೆ ಕುಂತು ಕನ್ನಡಕ್ಕೆ ತಂತ್ರಾಂಶ ಬೇಕೇ ಬೇಕು ಅಂತ ಕೊನೆಗಾಲದವರೆಗೂ ಅದರ ಹಿಂದೆ ಬಿದ್ದಿದ್ರು. ಇವರ ಮನೆಯೋರಿಗೂ ಆವಾಗ ನೆಂಟರು "ಇದರಿಂದ ಏನ್ ಬರ್ತದೆ?" ಅಂತ ಕೇಳಿದ್ರೆ ನಂಗೇನೂ ಆಶ್ಚರ್ಯ ಇಲ್ಲ. ಬಂದದ್ದು ಏನು ಅಂದ್ರೆ, ಇವತ್ತು ನಾನು ನೀವು ಕನ್ನಡದಲ್ಲಿ ಬರ್ಕೊಂಡು ಓದ್ಕೊಂಡು ಕುಂತಿರೋದು.

ಇದು ನನ್ನ ಮೊದಲನೇ ಮಾತು. ಹುಡುಗರನ್ನ ಸಂಬಳದಲ್ಲಿ ಅಳೀರಿ, ಬ್ಯಾಡ ಅನ್ನಲ್ಲ, ಹೆಣ್ಣು ಕೊಡೋರು ಕೇಳೇ ಕೇಳ್ತಾರೆ. ಆದ್ರೆ ಅದೊಂದರಲ್ಲೇ ಅಳೀಬ್ಯಾಡಿ.

ಈಗ ಎರಡನೇ ಮಾತು. ಇದು ಜಗಳದ್ದು.

ಇವನು ಕೊಚ್ಚಿಗೆ ಹೋಗಿದ್ದ ವಾರದಲ್ಲೇ ನಮ್ಮ ಸೋದರತ್ತೆ ತೀರ್ಕೊಂಡ್ರು. ಸುದ್ದಿ ಹೋದ ತಕ್ಷಣ ಅವನು ಬಸ್ ಹತ್ತಿದ. ಇತ್ತ ನಮ್ಮೂರಲ್ಲಿ ಹಿಂದಿನ ರಾತ್ರಿ ಗುಡುಗು ಮಳೆ ಬಂದು ಕರೆಂಟು ಹೋಗಿ ಬೆಳಗಿನವರೆಗೂ ಬಂದಿರಲಿಲ್ಲ. ಹಳೇ ಲ್ಯಾಪ್‌ಟಾಪು, ಬ್ಯಾಟರಿ ಎಷ್ಟೊತ್ತು ತಡೀತದೆ? ಆರೋಗಿತ್ತು. ಕರೆಂಟು ಬಂದ ಮೇಲೆ ತಾನಾಗೇ ಹೊತ್ಕೊಳ್ಳೋದಿಲ್ಲ ಅದು, ಗುಂಡಿ ಒತ್ತಬೇಕು. ನನ್ನ ಸೊಸೆ ಒತ್ತಿದ್ಲು. ಕರೀ ಪರದೆ ಮೇಲೆ ಒಂದು ಸಾಲು ಇಂಗ್ಲಿಷ್ ಬಂತು, ಪಾಸ್‌ವರ್ಡ್ ಕೊಡು ಅಂತ. ಕಳ್ಳರು ಹೊತ್ಕೊಂಡು ಹೋದ್ರೂ ಒಳಗಿರೋದು ಸಿಗಬಾರದು ಅಂತ ಇವನು ಡಿಸ್ಕಿಗೇ ಬೀಗ ಹಾಕಿದ್ದ. ಒಳ್ಳೇದೇಯ. ಆದ್ರೆ ಆ ಬೀಗದ ಮಾತು ಗೊತ್ತಿದ್ದದ್ದು ಅವನೊಬ್ಬನಿಗೆ, ಅವನು ಕುಟ್ಟದ ಕಡೆ ಕಾಡಲ್ಲಿ ಸಿಗ್ನಲ್ ಇಲ್ದೆ ಬಸ್ಸಲ್ಲಿ ಕುಂತಿದ್ದ.

ಫ್ಲೆಕ್ಸ್ ಮಾಡ್ಸೋರು ಫೋಟೋಗೆ ಅವಸರ ಮಾಡ್ತಾವ್ರೆ. ಅತ್ತೆ ಹನಗೋಡು ಕಟ್ಟೆ ತಾವ, ಲಕ್ಷ್ಮಣತೀರ್ಥದ ನೀರು ಬೀಳೋದರ ಮುಂದೆ ನಿಂತು, ಬಾಯ್ತುಂಬ ನಗ್ತಿರೋ ಫೋಟೋ ಅದೆ. ಎಲ್ಲಾರಿಗೂ ಗೊತ್ತು ಅದು ಎಲ್ಲದೆ ಅಂತ. ಆ ಗೂಡಲ್ಲಿ, ಮೂರು ಮೊಳ ದೂರದಲ್ಲಿ. ತೆಗಿಯಕ್ಕೆ ಆಗ್ಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಫೋಟೋನೇ ದೊಡ್ಡದು ಮಾಡಿಸಿದ್ರು. ಆಧಾರ್ ಫೋಟೋ ಹೆಂಗಿರ್ತದೆ ನಿಮ್ಗೆ ಗೊತ್ತಲ್ಲ. ಊರಿಗೆಲ್ಲ ಸೋಬಾನೆ ಹೇಳಿ ನಗಿಸಿ ಅಳಿಸಿದ ಹೆಂಗಸು, ಕೊನೇ ದಿನ ಬೀದಿ ಮೂಲೇಲಿ ಬೆದರಿಕೊಂಡು ನಿಂತಂಗೆ ಕಾಣ್ತಿದ್ರು. ಅವನು ಬಂದು ಫ್ಲೆಕ್ಸ್ ನೋಡ್ದ. ಒಳಗೆ ಹೋದ, ಒಂದು ನಿಮಿಷದಲ್ಲಿ ಡಬ್ಬಿ ತೆರೆದ, ಫೋಟೋ ತೆಗೆದ. ಆಗ ಯಾರಿಗೆ ಬೇಕಿತ್ತು? ಹನ್ನೊಂದನೇ ದಿನದ ಕಾರ್ಯಕ್ಕೆ ಒಳ್ಳೇ ಫೋಟೋಗೇ ಹಾರ ಹಾಕಿದ್ವಿ, ನಿಜ. ಆದ್ರೆ ಊರು ಸೇರಿದ್ದು ಮೊದಲನೇ ದಿನ.

ನಾನು ಅವತ್ತೇ ಏನೂ ಅನ್ಲಿಲ್ಲ, ಮಗು ಸುಸ್ತಾಗಿತ್ತು. ತಿಥಿ ಆದ ಮೇಲೆ ಕೂರಿಸ್ಕೊಂಡು ಹೇಳ್ದೆ. "ನೋಡ್ ಮಗ, ದೊಡ್ಡ ಕಂಪನಿಯೋರು ಬಾಗಿಲು ಹಾಕಿದ್ರೆ ನಮ್ಮದು ಹೋಯ್ತದೆ ಅಂತ ನೀನು ಇದನ್ನ ಮಾಡಿದ್ದು. ಈಗ ಆ ಬಾಗಿಲು ನೀನೇ ಆಗಿದ್ದೀಯಲ್ಲ?"

ಅವನು ಬೇಜಾರು ಮಾಡ್ಕೊಂಡ. ನಾನು ಪುಕ್ಕಟೆ ಮಾಡ್ಕೊಟ್ಟಿದ್ದಕ್ಕೆ ಇದಾ ಅಂದ. ನಾನು ಬುಡಲಿಲ್ಲ. ಯಾಕಂದ್ರೆ ಒಬ್ಬನ ಕೈಲಿ ಲೆಕ್ಕ ಇದ್ರೆ ಏನಾಯ್ತದೆ ಅಂತ ನಮ್ಮ ಹಿಂದಿನೋರು ಅನುಭವಿಸವ್ರೆ. ಪಹಣಿ ಎಲ್ಲಾ ಕೈಬರಹದ ಪುಸ್ತಕದಲ್ಲಿ ಇದ್ದ ಕಾಲದಲ್ಲಿ, ಆ ಪುಸ್ತಕ ಯಾರ ಕಂಕುಳಲ್ಲಿ ಇರ್ತಿತ್ತೋ ಅವರ ಮನೆ ಮುಂದೆ ರೈತರು ಕಾಯಬೇಕಿತ್ತು. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ ಮೇಲೆ, ಕಾಸು ಕಟ್ಟಿ ಯಾರು ಬೇಕಾದ್ರೂ ಪಡಿಯೋ ಹಂಗಾಯ್ತು. ಅದರ ಗುಣ ಇದ್ದದ್ದು ಕಂಪ್ಯೂಟರಲ್ಲಿ ಅಲ್ಲ, ಪುಸ್ತಕ ಒಬ್ಬರ ಕಂಕುಳಿಂದ ಈಚೆ ಬಂದದ್ದರಲ್ಲಿ. ಮನೆತನದ ಫೋಟೋ, ಪದ, ಕಾಗದಾನ ಮತ್ತೆ ಒಬ್ಬನ ಕಂಕುಳಿಗೆ ಸೇರಿಸೋದಾದ್ರೆ ಕಂಪ್ಯೂಟರ್ ಯಾಕೆ?

ಇನ್ನೊಂದು ಮಾತು, ಇದನ್ನ ಹೆಣ್ಣುಮಕ್ಕಳು ಒಳಗೊಳಗೇ ಅನ್ಕೊಂಡ್ರೂ ಬಾಯ್ಬುಟ್ಟು ಹೇಳಲ್ಲ. ಹನ್ನೆರಡು ಮನೆ ಹೆಣ್ಣುಮಕ್ಕಳ ಫೋಟೋ ಒಬ್ಬ ಗಂಡುಹುಡುಗನ ಕೈಲಿ ಇರ್ತದೆ. ನಮ್ಮ ಹುಡುಗ ಚಿನ್ನ, ನಂಗೆ ಅನುಮಾನ ಇಲ್ಲ. ಆದ್ರೆ ಒಳ್ಳೇ ಹುಡುಗ ಅನ್ನೋದರ ಮೇಲೇ ಏರ್ಪಾಡು ನಿಲ್ಲಬಾರದು. ಆಸ್ಪತ್ರೆ ಚೀಟಿ ಇರ್ತದೆ, ಬಾಣಂತಿ ಫೋಟೋ ಇರ್ತದೆ, ಡಾಕ್ಟರಿಗೆ ತೋರಿಸಕ್ಕೆ ತೆಗೆದ ಗಾಯದ ಫೋಟೋ ಇರ್ತದೆ. ಅವು ಫೋನಿಂದ ತಾನಾಗೇ ಡಬ್ಬಿಗೆ ಹೋಗಿ ಕೂತ್ಕೊಂಡ್ರೆ? ಕೇಳ್ದೆ. ಅವನು ಬಳಸೋ ಇಮ್ಮಿಚ್ ಅನ್ನೋ ತಂತ್ರಾಂಶದಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಮಾಡ್ಬೋದು, ಯಾವ ಫೋಟೋ ಹೋಗ್ಬೇಕು ಯಾವುದು ಬ್ಯಾಡ ಅಂತ ಆರಿಸ್ಬೋದು. ಆದ್ರೂ ಡಬ್ಬಿ ಯಜಮಾನ ಮನಸು ಮಾಡಿದ್ರೆ ಡಿಸ್ಕ್ ಒಳಗೆ ನೋಡ್ಬೋದು ಅಂತ ಅವನೇ ಮುಚ್ಚುಮರೆ ಇಲ್ದೆ ಹೇಳ್ದ. ಆ ಮಾತಿಗೆ ಅವನ ಮೇಲೆ ನಂಬಿಕೆ ಇನ್ನೂ ಜಾಸ್ತಿ ಆಯ್ತು. ಹಂಗಾಗಿ ಎಲ್ಲಾನೂ ತಾನಾಗೇ ಹೋಗೋ ಏರ್ಪಾಡು ಬ್ಯಾಡ, ನಮ್ಮ ಕೈಯಾರೆ ಆರಿಸಿ ಕಳಿಸೋಣ ಅಂತ ನಾವು ಹೆಂಗಸರು ಸೇರಿ ತೀರ್ಮಾನ ಮಾಡಿದ್ವಿ.

ಕೆಲವರು ಹೇಳ್ತೀರ, ಇಷ್ಟೆಲ್ಲ ತಲೆನೋವು ಯಾಕೆ, ತಿಂಗಳ ಬಾಡಿಗೆ ಕಟ್ಟಿದ್ರೆ ಕಂಪನಿಯೋರೇ ನೋಡ್ಕೊತಾರೆ ಅಂತ. ಅದೂ ಒಪ್ಪೋ ಮಾತೇ. ಅವರ ಕಟ್ಟಡದಲ್ಲಿ ಜನರೇಟರ್ ಇರ್ತದೆ, ಹಗಲು ರಾತ್ರಿ ಕಾಯೋರು ಇರ್ತಾರೆ, ಒಂದು ಡಿಸ್ಕ್ ಕೆಟ್ರೆ ಇನ್ನೊಂದರಲ್ಲಿ ಪ್ರತಿ ಇರ್ತದೆ. ನಮ್ಮ ಗೂಡಿಗೆ ಸಿಡಿಲು ಹೊಡೆದ್ರೆ ಎಲ್ಲಾ ಬೂದಿ. ಅದಕ್ಕೇ ನಾನು ಅದು ಬ್ಯಾಡ ಇದು ಬೇಕು ಅಂತ ಹೇಳಲ್ಲ. ಎರಡೂ ಇರಲಿ ಅಂತೀನಿ. ನಾವು ಬಿತ್ತನೆ ರಾಗೀನ ಬೂದಿ ಬೆರೆಸಿ ಮಡಗೋವಾಗ ಎಲ್ಲಾನೂ ಒಂದೇ ಗುಡಾಣಕ್ಕೆ ತುಂಬ್ತೀವಾ? ಹೆಪ್ಪು ಕೆಟ್ರೆ ಪಕ್ಕದ ಮನೆಗೆ ಹೋಗಿ ಒಂದು ಚಮಚ ಇಸ್ಕೊಂಡು ಬರ್ತೀವಿ. ಅದು ಹೋದ ವಾರ ನಾವೇ ಅವರಿಗೆ ಕೊಟ್ಟಿದ್ದ ಹೆಪ್ಪು. ಕಂಪ್ಯೂಟರಿನೋರು ಇದಕ್ಕೇ 'ಮೂರು-ಎರಡು-ಒಂದು' ಅಂತ ಒಂದು ನಿಯಮ ಮಾಡ್ಕೊಂಡವ್ರೆ. ಬೇಕಾದ್ದು ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ನಮೂನೆ ಸಾಮಾನಲ್ಲಿ ಇರಲಿ, ಒಂದು ಬೇರೆ ಊರಲ್ಲೋ ಬೇರೆ ಮನೇಲೋ ಇರಲಿ. ನಮ್ಮ ಹೆಪ್ಪಿನ ಲೆಕ್ಕಾನೇ ಅದು, ಹೆಸರು ಬೇರೆ.

ಕೊನೆಗೆ ನಾವೂ ಅವನೂ ಒಪ್ಕೊಂಡ ಏರ್ಪಾಡು ಹಿಂಗದೆ. ನಿಮ್ಮ ಮನೇಲೂ ಇಂತಾ ಹುಡುಗ ಇಲ್ಲಾ ಹುಡುಗಿ ಇದ್ರೆ ಇದನ್ನ ಕೇಳಿ ಪಡ್ಕೊಳ್ಳಿ.

ಒಂದು ನೂರು ಪುಟದ ನೋಟ್‌ಬುಕ್ಕು. ಅದರಲ್ಲಿ ಕನ್ನಡದಲ್ಲಿ, ಪೆನ್ನಲ್ಲಿ ಬರೆದಿರಬೇಕು. ಕರೆಂಟು ಹೋಗಿ ಬಂದ್ರೆ ಯಾವ ಗುಂಡಿ, ಎಷ್ಟೊತ್ತು ಕಾಯ್ಬೇಕು, ಯಾವ ಮಾತು ಕೇಳ್ತದೆ, ಎಲ್ಲೂ ಸಿಗದಿದ್ರೆ ಯಾರಿಗೆ ಫೋನ್ ಮಾಡ್ಬೇಕು. ಸಾರು ಮಾಡೋದ ಹೇಳ್ಕೊಟ್ಟಂಗೆ, ಹೊಸದಾಗಿ ಬಂದ ಸೊಸೆ ಓದಿ ಮಾಡೋ ಹಂಗಿರಬೇಕು. ನಮ್ಮ ಹುಡುಗ ಮೊದಲು ಬರೆದದ್ದು ನಂಗೆ ಅರ್ಥ ಆಗ್ಲಿಲ್ಲ. ಮೂರು ಸಲ ವಾಪಸ್ ಕೊಟ್ಟೆ. ನಾಕನೇ ಸಲದ್ದು ಓದಿ ನಾನೇ ಆರಿಸಿ ಮತ್ತೆ ಹೊತ್ತಿಸ್ದೆ, ಅವನು ಕೈಕಟ್ಕೊಂಡು ನಿಂತಿದ್ದ.

ಬೀಗದ ಮಾತನ್ನ ಚೀಟೀಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ, ಒಂದು ನಮ್ಮ ಬೀರುವಿನಲ್ಲಿ, ಒಂದು ಅಕ್ಕನ ಬೀರುವಿನಲ್ಲಿ. ಒಡವೆ ಎಲ್ಲಿ ಮಡಗ್ತೀವೋ ಅಲ್ಲಿ. ಗೊತ್ತಿರೋರು ಇಬ್ಬರು ಹೆಂಗಸರು, ಯಾಕಂದ್ರೆ ಮನೇಲಿ ಇರೋರು ನಾವು.

ಇನ್ನೊಂದು ಡಿಸ್ಕಿಗೆ ಪೂರ್ತಿ ಪ್ರತಿ ಮಾಡಿ ಪಿರಿಯಾಪಟ್ಟಣದ ನಾದಿನಿ ಮನೇಲಿ ಮಡಗದೆ. ಅವರ ಮನೆ ಪ್ರತಿ ನಮ್ಮನೇಲಿ. ಮಕ್ಕಳ ಮಾರ್ಕ್ಸ್ ಕಾರ್ಡು, ಆಧಾರ್ ಇಂತವಕ್ಕೆ 2015ರಿಂದ ಸರ್ಕಾರದ ಡಿಜಿಲಾಕರ್ ಅದೆ, ಅದನ್ನ ಬುಡೋದು ಬ್ಯಾಡ. ಆದ್ರೆ ಅತ್ತೆ ಪದಕ್ಕೆ ಯಾವ ಲಾಕರೂ ಇಲ್ಲ, ಅದಕ್ಕೆ ನಾವೇ.

ವರ್ಷಕ್ಕೊಂದು ಸಲ ಪರೀಕ್ಷೆ. ಪ್ರತಿ ಮಾಡಿ ಮಡಗಿದ್ದೀವಿ ಅಂತ ನೆಮ್ಮದಿಯಾಗಿ ಇದ್ದು, ಬೇಕಾದಾಗ ತೆಗುದ್ರೆ ಖಾಲಿ ಇರೋದು ದೊಡ್ಡ ದೊಡ್ಡ ಕಡೆಯೇ ಆಗಿರೋ ಕತೆಯಂತೆ. ನಾವು ಆಯುಧಪೂಜೆ ದಿನ ಗೊತ್ತು ಮಾಡಿದ್ದೀವಿ. ಟ್ರ್ಯಾಕ್ಟರಿಗೆ, ಮಿಕ್ಸಿಗೆ, ಕುಡುಗೋಲಿಗೆ ಕುಂಕುಮ ಇಡೋವಾಗ ಈ ಡಬ್ಬಿಗೂ ಇಡ್ತೀವಲ್ಲ, ಹೂ ಮುಡಿಸೋಕೆ ಮುಂಚೆ ಪಿರಿಯಾಪಟ್ಟಣದ ಡಿಸ್ಕು ತರಿಸಿ, ಹಾಕಿ, ಹತ್ತು ಫೋಟೋ ಎರಡು ಪದ ತೆಗೆದು ನೋಡ್ಬೇಕು. ತೆಗುದ್ರೆ ಪೂಜೆ, ತೆಗೀದಿದ್ರೆ ಅವನು ರಜಾ ಮುಂದಕ್ಕೆ ಹಾಕಿ ಸರಿ ಮಾಡಿ ಹೋಗ್ಬೇಕು.

ನಿಮ್ಗೆ ಒಂದು ಕೊನೇ ಮಾತು. "ನಂಗೆ ಅದೆಲ್ಲ ಗೊತ್ತಾಗಲ್ಲ ಕಣಪ್ಪ, ನೀನೇ ಮಾಡು" ಅಂತ ಹುಡುಗರ ಕೈಗೆ ಫೋನ್ ಕೊಟ್ಟು ಸುಮ್ನಾಗೋದನ್ನ ಬುಡಿ. ಚೀಟಿ ಹಾಕಿ, ಸಂಘದ ಸಾಲದ ಬಡ್ಡಿ ಕೂಡಿ ಕಳೆದು, ಹಾಲಿನ ಡೈರಿ ಲೆಕ್ಕದಲ್ಲಿ ಹತ್ತು ಪೈಸೆ ತಪ್ಪಾದ್ರೆ ಹಿಡಿಯೋ ಹೆಂಗಸರು ನಾವು. ನಮ್ಗೆ ಗೊತ್ತಾಗದೆ ಇರೋದು ಯಾರೂ ನಿಧಾನವಾಗಿ ಹೇಳ್ಕೊಡದೆ ಇರೋದರಿಂದ. ಹೇಳ್ಕೊಡು ಅಂತ ಜೋರು ಮಾಡಿ. ಅವರು ಊರೂರು ತಿರುಗಲಿ, ಕಲೀಲಿ, ಬೆಂಗಳೂರಲ್ಲಿ ಎಷ್ಟು ಮನೆ ಬೇಕಾದ್ರೂ ಬದಲಾಯಿಸಲಿ. ನೋಟ್‌ಬುಕ್ಕು ಮಾತ್ರ ನಮ್ಮ ಕೈಗೆ ಕೊಟ್ಟು ಹೋಗಲಿ.

ನೋಟ್‌ಬುಕ್ಕಿನ ನಕಲು ಬೇಕಾದೋರು ನಮ್ಮನೆಗೆ ಬನ್ನಿ, ಬರ್ಕೊಂಡು ಹೋಗಿ. ಆರನೇ ಪುಟದಿಂದ ಬರ್ಕೊಳ್ಳಿ. ಮೊದಲ ಐದು ಪುಟ ಅವನು ನಾಕನೇ ಸಲ ಬರೆಯೋಕೆ ಮುಂಚಿನದ್ದು, ಅದು ಅವನಿಗೇ ಅರ್ಥ ಆಗಲ್ಲ.